ಹನ್ಯಾಯ

"ಈಗಿನ ಹುಡುಗರಿಗೆ ಕಾಗುಣಿತ ಬರುವುದಿಲ್ಲ, ವ್ಯಾಕರಣದ ಗಂಧಗಾಳಿಯಿಲ್ಲ" ಎಂದು ಯಾರಾದರೂ ಮಾತು ಶುರು ಮಾಡಿದರೆ ನನಗೆ ಮೊದಲು ಬರುವುದು ಅನುಮಾನ. ಇವರು ಯಾರ ಬಾಯಿ ಮುಚ್ಚಿಸಲು ಹೊರಟಿದ್ದಾರೆ ಎಂದು ನೋಡುತ್ತೇನೆ. ಕನ್ನಡದ ಮೇಡಂ ಆಗಿ ಆಯುಷ್ಯವೆಲ್ಲ ಕೆಂಪು ಶಾಯಿ ಸುರಿದವಳು ನಾನು. ತಪ್ಪು ಕಂಡರೆ ನನ್ನ ಮೈಯೂ ಉರಿಯುತ್ತದೆ, ಒತ್ತಕ್ಷರ ನುಂಗಿದವರ ಕಿವಿ ಹಿಂಡಿದ್ದೂ ಉಂಟು. ಆದರೂ ಆ ಗೋಳನ್ನು ನಾನು ಸುಲಭವಾಗಿ ನಂಬುವುದಿಲ್ಲ. ಅದಕ್ಕೆ ಕಾರಣ ಗುಬ್ಬಿಯ ಒಂದು ಹೈಸ್ಕೂಲಿನ ಗೋಡೆ.

ಎಪ್ಪತ್ತರ ದಶಕದ ಕೊನೆಯ ಮಾತು. ಮನೆ ತುಮಕೂರಿನಲ್ಲಿ, ಕೆಲಸ ಗುಬ್ಬಿಯಲ್ಲಿ, ದಿನಾ ಬಸ್ಸು. ಶಾಲೆ ಊರಾಚೆ ಬಟಾಬಯಲಿನಲ್ಲಿತ್ತು, ಮರೆಗೆ ಒಂದು ಪೊದೆಯೂ ಇರಲಿಲ್ಲ. ಹುಡುಗಿಯರಿಗೆಂದು ಒಂದು ಕಕ್ಕಸು ಕಟ್ಟಿಸಿದ್ದರು. ಹೆಡ್‌ಮಾಸ್ಟರು ಅದಕ್ಕೆ ಬೀಗ ಜಡಿದು ಕೀಲಿಕೈಯನ್ನು ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟುಕೊಂಡಿದ್ದರು. ನೀರು ಸಾಲದು, ಗಲೀಜು ಮಾಡುತ್ತಾರೆ ಎಂಬುದು ಅವರು ಕೊಡುತ್ತಿದ್ದ ಕಾರಣ. ಇನ್‌ಸ್ಪೆಕ್ಷನ್ನಿಗೆ ಬಂದವರಿಗೆ ಹೊಸದಾಗಿಯೇ ತೋರಿಸಬೇಕೆಂಬುದು ನಿಜವಾದ ಕಾರಣವೆಂದು ನನಗೆ ಗುಮಾನಿ. ಹುಡುಗಿಯರು ಬೆಳಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಸಿ.ಎಸ್. ಪುರದ ಕಡೆಯಿಂದ ಬಸ್ಸಿನಲ್ಲಿ ಬರುವವರು ಸಂಜೆಯವರೆಗೆ ತಡೆದುಕೊಳ್ಳುತ್ತಿದ್ದರು. ತಿಂಗಳಲ್ಲಿ ಕೆಲವು ದಿನ ಒಬ್ಬೊಬ್ಬ ಹುಡುಗಿಯೂ ಶಾಲೆಗೇ ಬರುತ್ತಿರಲಿಲ್ಲ. ನಾನು ಹೇಳಿ ನೋಡಿದ್ದೆ. "ನೋಡೋಣ ಬಿಡಮ್ಮ" ಎಂದಿದ್ದರು.

ಒಂದು ಸೋಮವಾರ ಬಂದು ನೋಡಿದರೆ ಹೆಡ್‌ಮಾಸ್ಟರ ಕೋಣೆಯ ಪಕ್ಕದ ಗೋಡೆಯಲ್ಲಿ, ಆಗಷ್ಟೇ ಸುಣ್ಣ ಬಳಿದಿದ್ದ ಜಾಗದಲ್ಲಿ, ಇದ್ದಿಲಿನಿಂದ ಬರೆದಿತ್ತು:

"ಹನ್ಯಾಯ! ಹೆಣ್ಣು ಮಕ್ಕಳ ಕಕ್ಕಸಿನ ಬೀಗ ತೆಗೀರಿ."

ಹೆಡ್‌ಮಾಸ್ಟರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಇವತ್ತು ಬೀಗದ ವಿಷಯಕ್ಕೆ ರಂಪವಾಗುತ್ತದೆ ಎಂದುಕೊಂಡೆ. ಆದರೆ ಅವರು ಸ್ಟಾಫ್ ಕಡೆ ತಿರುಗಿ, "ನೋಡಿ ಸ್ವಾಮಿ, ಹನ್ಯಾಯ ಅಂತೆ! ಎಸ್ಸೆಸ್ಸೆಲ್ಸಿಗೆ ಬಂದವ್ರ ಕನ್ನಡ ನೋಡಿ!" ಎಂದರು.

ಅಷ್ಟೇ ಸಾಕಾಯಿತು. ಗಣಿತದ ಮೇಷ್ಟ್ರು ಎಲ್ಲ ಸಿನಿಮಾದಿಂದ ಎಂದರು. ವಿಜ್ಞಾನದವರು, ತಮ್ಮ ಕಾಲದಲ್ಲಿ ನಾಲ್ಕನೇ ಕ್ಲಾಸಿಗೇ ಸಂಧಿ ಸಮಾಸ ಬಾಯಿಪಾಠ ಇರುತ್ತಿತ್ತು ಎಂದರು. ಟೀ ಬಂತು, ಟೀ ಮುಗಿಯಿತು, ಕನ್ನಡ ಕುಲಗೆಟ್ಟ ಕಥೆ ಮುಗಿಯಲಿಲ್ಲ. ಗೋಡೆಯ ಮೇಲೆ ಐದಾರು ಪದಗಳಿದ್ದರೂ ಇವರ ಕಣ್ಣಿಗೆ ಬಿದ್ದದ್ದು ಒಂದೇ ಪದ. "ಬೀಗದ ವಿಷಯ..." ಎಂದು ನಾನು ಬಾಯಿ ತೆಗೆದೆ.

"ಮೊದ್ಲು ಇದು ಯಾರ ಕನ್ನಡ ಅಂತ ಗೊತ್ತಾಗ್ಲಿ ಬಿಡಮ್ಮ. ನಿಮ್ ಸಬ್ಜೆಕ್ಟೇ ಅಲ್ವಾ?" ಎಂದರು ಹೆಡ್‌ಮಾಸ್ಟರು. ಎಲ್ಲರೂ ನನ್ನನ್ನೇ ನೋಡಿದರು.

ಮಧ್ಯಾಹ್ನದ ಹೊತ್ತಿಗೆ ಅವರು ಕಳ್ಳಿಯನ್ನು ಹಿಡಿದೂ ಆಗಿತ್ತು. ಹತ್ತನೇ ತರಗತಿಯ ಒಬ್ಬ ಹುಡುಗಿ, ಮನೆಮಾತು ಉರ್ದು. ಅವಳ ತಂದೆ ಪೇಟೆಯಲ್ಲಿ ಕೊಡೆ, ಟಾರ್ಚು ರಿಪೇರಿ ಮಾಡುತ್ತಿದ್ದರು. ಹಿಂದಿನ ವಾರವಷ್ಟೇ ಅವಳು ಎದ್ದು ನಿಂತು, "ಕೀ ಕೊಡಿ ಸಾರ್" ಎಂದು ಹೆಡ್‌ಮಾಸ್ಟರನ್ನೇ ಕೇಳಿದ್ದಳು.

"ಮನೇಲಿ ಕನ್ನಡ ಇಲ್ಲ, ಅದಕ್ಕೇ ಹನ್ಯಾಯ. ಕೀ ಕೇಳಿದ್ದೂ ಅವಳೇ. ಟಿ.ಸಿ. ಕೊಟ್ಟು ಕಳಿಸಿದ್ರೆ ಉಳಿದವ್ರಿಗೂ ಬುದ್ಧಿ ಬರುತ್ತೆ" ಎಂದರು.

ಅವಳ ಬೀದಿಯಿಂದ ಹತ್ತನೇ ತರಗತಿಯವರೆಗೆ ಬಂದ ಮೊದಲ ಹುಡುಗಿ ಅವಳು. ನೆಂಟರಿಷ್ಟರೆಲ್ಲ ಬೇಡವೆಂದರೂ ತಂದೆ ಒಬ್ಬರೇ ಹಟ ಹಿಡಿದು ಕಳಿಸುತ್ತಿದ್ದರು. ಟಿ.ಸಿ. ಕೈಗೆ ಬಂದರೆ ಅಲ್ಲಿಗೆ ಅವಳ ಓದು ಮುಗಿದಂತೆಯೇ.

ಬರೆದದ್ದು ಅವಳಲ್ಲವೆಂದು ನನಗೆ ಆ ಪದವನ್ನು ನೋಡಿದಾಗಲೇ ಗೊತ್ತಿತ್ತು. ಹನ್ಯಾಯ ಅಪ್ಪಟ ನಮ್ಮ ಕಡೆಯ ತಪ್ಪು. ನಮ್ಮವರು ಮಾತಿನಲ್ಲಿ 'ಹ' ನುಂಗುತ್ತಾರೆ: ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಅದಕ್ಕಾಗಿ ಶಾಲೆಯಲ್ಲಿ ಏಟು ತಿಂದೂ ತಿಂದೂ ಕೊನೆಗೆ ಭಯಕ್ಕೆ, ಬೇಡದ ಕಡೆಯೂ 'ಹ' ಸೇರಿಸಿಬಿಡುತ್ತಾರೆ. ಕುಣಿಗಲ್ಲಿನ ನಮ್ಮ ಸೋದರಮಾವ ಮನೆಯಲ್ಲಿ "ಅಳ್ಳಿಗೋಗಿದ್ದೆ ಕಣೇ" ಎನ್ನುವವರು, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದೊಡನೆ "ಸ್ವಾಮಿ, ಹೊಂದು ಹರ್ಜಿ ಹಿತ್ತು" ಎನ್ನುತ್ತಿದ್ದರು. ಜೊತೆಗೆ ಹೋದ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಉರ್ದು ಮನೆಮಾತಿನವರಿಗೆ ಈ ಕಾಟವಿಲ್ಲ, ಅವರ ಮಾತಿನಲ್ಲಿ 'ಹ' ಬೇಕಾದಷ್ಟಿದೆ. ಆ ಹುಡುಗಿಗೆ ತೊಡಕಾಗುತ್ತಿದ್ದುದು 'ಳ'. ಮಳೆಯನ್ನು ಮಲೆ ಎಂದೂ ಮಕ್ಕಳನ್ನು ಮಕ್ಕಲು ಎಂದೂ ಬರೆಯುತ್ತಿದ್ದಳು. ಗೋಡೆಯ ಮೇಲೆ 'ಮಕ್ಕಳ' ಎಂದು ಸರಿಯಾಗಿಯೇ ಇತ್ತು.

ಇದನ್ನೆಲ್ಲ ಬಿಡಿಸಿ ಹೇಳಿದೆ. ಹೆಡ್‌ಮಾಸ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬಹಳ ಚೆನ್ನಾಗಿ ಸ್ಟಡಿ ಮಾಡಿದೀರಿ. ಗೋಡೆ ಮೇಲೆ ಬರೆಯೋಕೆ ಹೇಳ್ಕೊಟ್ಟೋರು ಯಾರು ಅಂತ ನಂಗೂ ಒಂದ್ ಅನುಮಾನ ಇದೆ ಕಣಮ್ಮ."

ನನ್ನ ಬುಡಕ್ಕೇ ಬಂತು. ಆಮೇಲೆ ನಾನೂ ಒಬ್ಬೊಬ್ಬರನ್ನೇ ಅಳೆಯತೊಡಗಿದೆ. ಡ್ರಿಲ್ ಮಾಸ್ಟರು ಯಾಕೆ ಅಷ್ಟು ನಗುತ್ತಿದ್ದರು? ಟೀ ಒಲೆಯ ಇದ್ದಿಲು ಇರುತ್ತಿದ್ದುದು ಜವಾನನ ಬಳಿ ತಾನೆ? ಅವನ ಮಗಳೂ ಒಂಬತ್ತನೇ ಕ್ಲಾಸಿನಲ್ಲಿದ್ದಳಲ್ಲ? ಸ್ಟಾಫ್ ರೂಮಿನಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಬರೆದವರು ಯಾರೆಂಬುದು ಕೊನೆಗೂ ಗೊತ್ತಾಗಲಿಲ್ಲ. ನನಗೊಂದು ಊಹೆಯಿದೆ, ಅದು ನನ್ನಲ್ಲೇ ಇರಲಿ.

"ನಂಬಿಕೆ ಇಲ್ದಿದ್ರೆ ಉಕ್ತಲೇಖನ ಕೊಟ್ಟು ನೋಡಿ ಸಾರ್" ಎಂದೆ. ಅದು ಹೆಡ್‌ಮಾಸ್ಟರಿಗೆ ಹಿಡಿಸಿತು.

ಮರುದಿನ ಹತ್ತನೇ ತರಗತಿಗೆ ತಾವೇ ಬಂದರು. ಎಲ್ಲರಿಗೂ ಹಾಳೆ ಹಂಚಿಸಿ, ಅಷ್ಟೂ ಹುಡುಗ ಹುಡುಗಿಯರ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ಅನ್ಯಾಯ. ಹೆಣ್ಣು ಮಕ್ಕಳ ಕಕ್ಕಸಿನ ಬೀಗ ತೆಗೀರಿ" ಎಂದು ಬಿಡಿಸಿ ಬಿಡಿಸಿ ಹೇಳಿದರು. ಹಿಂದಿನ ಬೆಂಚಿನವರು ಕೇಳಿಸಲಿಲ್ಲವೆಂದರು. ಮತ್ತೆ ಹೇಳಿದರು, ಇನ್ನೂ ಗಟ್ಟಿಯಾಗಿ. ಬಾಗಿಲ ಬಳಿ ನಿಂತಿದ್ದ ನನಗೆ ನಗು ತಡೆಯುವುದೇ ಕಷ್ಟವಾಯಿತು.

ಆಮೇಲೆ ಆ ಹುಡುಗಿಯನ್ನು ಬೋರ್ಡಿಗೆ ಕರೆದರು. ಅವಳು 'ಅನ್ಯಾಯ' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಳು. ಮುಂದೆ 'ಮಕ್ಕಲ' ಎಂದು ಬರೆದಳು. ತರಗತಿ ಗೊಳ್ಳೆಂದಿತು.

"ಏನಮ್ಮಾ ಇದು, ಮಕ್ಕಲ? ನಾಲಿಗೆ ಮಡಚು. ಹೇಳು, ಳ."

"ಲ" ಎಂದಳು.

ಮತ್ತೆ ಹೇಳಿಸಿದರು, ತರಗತಿ ಮತ್ತೆ ನಕ್ಕಿತು. ಅವಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಯಾರನ್ನೂ ನೋಡದೆ ಜಾಗಕ್ಕೆ ಹೋಗಿ ಕುಳಿತಳು. ಆದರೆ ಅವಳು ಪಾರಾಗಿದ್ದಳು. ಹಾಳೆಗಳನ್ನು ತೆಗೆದು ನೋಡಿದರೆ ಅರ್ಧ ತರಗತಿ ಹನ್ಯಾಯ ಎಂದೇ ಬರೆದಿತ್ತು. ಹೆಡ್‌ಮಾಸ್ಟರೇ 'ಹ' ನುಂಗಿದರೆಂದು ತಿಳಿದು ತಾವಾಗಿ ಸೇರಿಸಿಕೊಂಡವರೂ ಇದ್ದರು! ಶಾಲಾ ಕಮಿಟಿಯ ಅಧ್ಯಕ್ಷರ ಮಗನೂ ಅದರಲ್ಲಿ ಒಬ್ಬ. ಇನ್ನು ಟಿ.ಸಿ. ಯಾರಿಗೆಂದು ಕೊಡುವುದು? "ತಿದ್ದಿ ಕೊಡಿ" ಎಂದು ಕಟ್ಟನ್ನು ನನ್ನ ಕೈಗೆ ತುರುಕಿ ಹೋದರು.

ಊಟದ ಬಿಡುವಾದ ಮೇಲೆ ಹುಡುಗಿ ತರಗತಿಗೆ ಬರಲಿಲ್ಲ. ಮರುದಿನವೂ ಇಲ್ಲ. ಸಂಜೆ ಬಸ್ಸಿಗೆ ಹೋಗುವಾಗ ಕೊಡೆ ಅಂಗಡಿಗೆ ಹೋದೆ. ಅವಳ ತಂದೆ ಸ್ಟೂಲು ಒರೆಸಿ ಕೊಟ್ಟರು. ಅವಳ ತಪ್ಪಿಲ್ಲವೆಂದು ರುಜುವಾತಾಗಿದೆ, ಟಿ.ಸಿ. ಕೊಡುವುದಿಲ್ಲ ಎಂದೆ. ಗೆದ್ದ ಖುಷಿಯಲ್ಲೇ ಹೇಳಿದೆ.

"ಒಳ್ಳೇದಾಯ್ತು ಮೇಡಂ" ಎಂದರು. "ಬೀಗ ತೆಗೆದ್ರಾ?"

"ಇಲ್ಲ."

"ಇಡೀ ಕ್ಲಾಸು ಅದನ್ನೇ ಬರೀತಂತೆ, ಮಗಳು ಹೇಳಿದ್ಲು. ಯಾರೂ ಓದ್ಲಿಲ್ವಾ?"

ಅವರು ಟಾರ್ಚಿಗೆ ಸೆಲ್ಲು ಹಾಕಿ, ಒತ್ತಿ ನೋಡಿ, ಬದಿಗಿಟ್ಟರು. "ತೆಗೆದ ದಿನ ಹೇಳಿಕಳಿಸಿ ಮೇಡಂ. ಕಳಿಸ್ತೀನಿ."

ಬೆಳಗ್ಗೆ ನೇರವಾಗಿ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟೆ.

"ಎಷ್ಟು ತಪ್ಪು?" ಎಂದು ಕೇಳಿದರು.

"ಎಲ್ಲಾ ತಿದ್ದಿದೀನಿ ಸಾರ್. ಈಗ ಓದಿ."

ಒಂದು ತೆಗೆದರು, ಇನ್ನೊಂದು, ಮತ್ತೊಂದು. "ಎಲ್ಲದ್ರಲ್ಲೂ ಒಂದೇ ಇದೆಯಲ್ಲಮ್ಮ."

"ಹೌದು ಸಾರ್. ಒಂದೇ ಇದೆ."

ಅವರ ಮುಖ ಬಿಗಿಯಿತು. ಬೆರಳನ್ನು ಹಾಳೆಯ ಮೇಲೆ ಊರಿ, "ತೆಗೀರಿ ಅನ್ನೋದು ಆಡುಮಾತು. ತೆಗೆಯಿರಿ ಅಂತ ತಿದ್ಬೇಕಿತ್ತು ನೀವು" ಎಂದರು.

"ತೆಗೀರಿ ಸಾರ್" ಎಂದೆ. ನನ್ನ ದನಿ ಏರಿತ್ತು. ಜವಾನ ಬಾಗಿಲಲ್ಲಿ ಇಣುಕಿದ.

ಹೆಡ್‌ಮಾಸ್ಟರು ಡ್ರಾಯರು ಎಳೆದು ಕೀಲಿಕೈಯನ್ನು ಮೇಜಿನ ಮೇಲೆ ಎಸೆದರು. ಅವರಿಗೆ ನಾಚಿಕೆಯಾಯಿತೆಂದು ನಾನು ನಂಬಿಲ್ಲ. ಈ ಹೆಂಗಸು ಕಟ್ಟನ್ನು ಹೊತ್ತುಕೊಂಡು ತುಮಕೂರಿನ ಶಿಕ್ಷಣ ಇಲಾಖೆಯ ಕಚೇರಿಗೆ ಹೋದಾಳು ಎಂಬ ಭಯ ಅದು, ಹೋಗುವವಳೂ ಇದ್ದೆ.

ಹುಡುಗಿ ಮತ್ತೆ ಬಂದಳು. ಕೆಲವು ವಾರ ಕಳೆದ ಮೇಲೆ 'ನಮ್ಮ ಊರು' ಎಂದು ಪ್ರಬಂಧ ಬರೆಯಲು ಕೊಟ್ಟೆ. ಅವಳದ್ದರಲ್ಲಿ ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ನನಗೆ ಒಡನೆಯೇ ಅನುಮಾನ ಬಂತು. ಯಾರು ಬರೆದುಕೊಟ್ಟರು? ಯಾವ ಗೈಡಿನಿಂದ ಇಳಿಸಿದಳು? ಇನ್ನೊಮ್ಮೆ ಓದಿದೆ. ಅವಳ ಊರಿನ ಕೆರೆಯಲ್ಲಿ ಒಂದು ಹಕ್ಕಿ ಇತ್ತು. ರಸ್ತೆಗೆ ಒಂದು ಮರ. ಒಂದು ಮಗು ಓದಲು ಹೋಗುತ್ತದೆ. ಅಮ್ಮ ರೊಟ್ಟಿ ಮಾಡುತ್ತಾರೆ, ಸರಿ. ಆದರೆ ತೊಟ್ಟಿಲಲ್ಲಿರುವ ತಂಗಿಗೂ ಬಹುವಚನ: 'ತಂಗಿ ನಗುತ್ತಾರೆ.' ಅದನ್ನು ಓದಿ ಮೊದಲು ನಕ್ಕೆ. ಮತ್ತೆ ಮೊದಲಿನಿಂದ ಓದಿದಾಗ ತಿಳಿಯಿತು. ಎರಡು ಪುಟದಲ್ಲಿ ಎಲ್ಲಿಯೂ 'ಳ' ಇರಲಿಲ್ಲ. ಮರಗಳು ಎನ್ನಲು, ಹಕ್ಕಿಗಳು ಎನ್ನಲು, ಅವಳು ಎನ್ನಲು, ನಗುತ್ತಾಳೆ ಎನ್ನಲು 'ಳ' ಬೇಕು. ಅದು ಬಾರದಿರಲೆಂದು ಅವಳು ಊರಿನಲ್ಲಿದ್ದುದನ್ನೆಲ್ಲ ಒಂದೊಂದಕ್ಕೆ ಇಳಿಸಿದ್ದಳು. ಕೊನೆಯ ಸಾಲು, 'ನನ್ನ ಅಪ್ಪನ ಅಂಗಡಿಯಲ್ಲಿ ಒಂದು ಕೊಡೆ ಇದೆ.'

ನನಗೆ ಅಳು ಬಂತು. ಅಷ್ಟರಲ್ಲಿ ಹೆಡ್‌ಮಾಸ್ಟರು ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದರು. "ಒಂದ್ ತಪ್ಪಿಲ್ಲ, ನೋಡಿ. ಅವತ್ತು ಬೋರ್ಡ್ ಹತ್ರ ನಿಲ್ಸಿದ್ದು ಕೆಲ್ಸ ಮಾಡ್ತು" ಎಂದರು.