ಕಾರಿನ ಗದ್ದಕ್ಕೆ ಹೊಸ ತಗಡು

ಕಾರಿನ ಮುಂದಿನ ಬಂಪರಿನ ಕೆಳಗೆ, ನೆಲದಿಂದ ಒಂದು ಗೇಣು ಮೇಲೆ, ಅಡ್ಡಕ್ಕೆ ಒಂದು ಅಗಲವಾದ ತಗಡು ಇರುತ್ತದಲ್ಲ, ಅದಕ್ಕೆ ಹುಬ್ಬಳ್ಳಿಯ ಗ್ಯಾರೇಜಿನವರು ಏನೋ ಇಂಗ್ಲಿಷ್ ಹೆಸರು ಹೇಳುತ್ತಿದ್ದರು. ನಮ್ಮ ಮಾವನವರು ಮಾತ್ರ ಅದನ್ನು ಗದ್ದ ಎಂದೇ ಕರೆಯುತ್ತಿದ್ದರು. ಅವರ ಹಳೇ ಕಾರಿನ ಗದ್ದ ಹರಿದುಹೋದದ್ದು ಎಪ್ಪತ್ತರ ದಶಕದ ಒಂದು ಪುಷ್ಯ ಮಾಸದಲ್ಲಿ, ಸಂಶಿಯಿಂದ ಗುಡಗೇರಿಗೆ ಬರುವ ರಸ್ತೆಯ ಮೇಲೆ. ಅದರ ಹಿಂದೆಯೇ ನನ್ನ ನೌಕರಿಯೂ ಹೋಗುವುದರಲ್ಲಿತ್ತು.

ಹುರುಳಿ ಕಿತ್ತ ಮೇಲೆ ನಮ್ಮ ಕಡೆಯ ರೈತರು ಅದನ್ನು ಡಾಂಬರು ರಸ್ತೆಯ ಮೇಲೆ ಹಾಸುತ್ತಾರೆ. ಹೋಗಿಬರುವ ಲಾರಿ, ಬಸ್ಸುಗಳ ಗಾಲಿಯೇ ಒಕ್ಕಣೆ ಮಾಡಿಕೊಡುತ್ತವೆ, ಎತ್ತಿಗೂ ವಿಶ್ರಾಂತಿ, ಆಳಿಗೂ ವಿಶ್ರಾಂತಿ. ವಾಹನಗಳು ಬಾಜುವಿನ ಮಣ್ಣಿಗೆ ಇಳಿದು ಹುರುಳಿಯನ್ನು ತಪ್ಪಿಸಿಕೊಂಡು ಹೋಗದಿರಲಿ ಎಂದು ಅಂಚಿಗೆ ಕಲ್ಲು ಇಡುತ್ತಾರೆ. ಅಂಥದ್ದೊಂದು ಕಲ್ಲು ಹುರುಳಿಯ ಬಳ್ಳಿಯ ಕೆಳಗೆ ಹೂತುಹೋಗಿತ್ತು. ಮಾವನವರಿಗೆ ಕಾಣಲಿಲ್ಲ. ಕರ್ ಎಂದು ಒಂದು ಸಪ್ಪಳ ಬಂತು. ಇಳಿದು ನೋಡಿದರೆ ಗದ್ದ ಎರಡು ತುಂಡಾಗಿ ಜೋತಾಡುತ್ತಿತ್ತು.

ಕಾರಿನ ಗದ್ದಕ್ಕೂ ನನ್ನ ನೌಕರಿಗೂ ಏನು ಸಂಬಂಧ ಎಂದು ಕೇಳಬಹುದು. ನಾನು ಸಂಶಿಯ ಶಾಲೆಯಲ್ಲಿ ಶಿಕ್ಷಕಿ. ಮನೆ ಗುಡಗೇರಿಯಲ್ಲಿ. ಮದುವೆಯಾಗಿ ಬಂದ ಎರಡನೇ ವರ್ಷವೇ ನೌಕರಿ ಸಿಕ್ಕಿತ್ತು. ನನ್ನ ಮನೆಯವರು ಸರಕಾರಿ ಕೆಲಸದ ಮೇಲೆ ವಿಜಾಪುರದಲ್ಲಿದ್ದರು; ತಿಂಗಳಿಗೊಮ್ಮೆ ಬರುತ್ತಿದ್ದರು. ನನ್ನ ನೌಕರಿಯ ಮಾತು ಬಂದಾಗಲೆಲ್ಲ "ಅವ್ವಗ ಕೇಳು" ಎಂಬ ಎರಡು ಶಬ್ದ ಆಡಿ ದೊಡ್ಡ ಕೆಲಸ ಮಾಡಿದವರ ಹಾಗೆ ಮಲಗುತ್ತಿದ್ದರು. ಅವ್ವನಿಗೆ, ಅಂದರೆ ನಮ್ಮ ಅತ್ತೆಗೆ, ಕೇಳಿದೆ. ನಾಲ್ಕನೇ ದಿನ ರೊಟ್ಟಿ ಬಡಿಯುತ್ತ ಅಂದರು:

"ದೀಪಾ ಹಚ್ಚೂದ್ರಾಗ ಮನಿ ಸೊಸಿ ಮನಿಯಾಗಿರಬೇಕು. ಅಷ್ಟು ನಡಸಿಕೊಡು. ಶಾಲಿಗೆ ಹೋಗು, ಬ್ಯಾಡ ಅನ್ನೂದಿಲ್ಲ."

ಕರೆಂಟಿನ ಬಲ್ಬು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ದೀಪ ಎಂದರೆ ದೇವರ ಜಗಲಿಯ ದೀಪ. ಹೊತ್ತು ಮುಳುಗುತ್ತಲೇ ಅತ್ತೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಅದನ್ನು ಹಚ್ಚುತ್ತಿದ್ದರು. ಜ್ವರ ಬಂದು ಮಲಗಿದ ದಿನವೂ ಗೋಡೆ ಹಿಡಿದು ಎದ್ದು ಹಚ್ಚಿದ್ದನ್ನು ನಾನೇ ನೋಡಿದ್ದೇನೆ. ಆ ದೀಪ ಒಂದು ದಿನ ತಪ್ಪಿದರೆ ಮನೆತನಕ್ಕೇ ಒಳ್ಳೆಯದಲ್ಲ ಎಂದು ಅವರು ನಂಬಿದ್ದರು.

ಸಂಜೆಯ ಪ್ಯಾಸೆಂಜರ್ ಗಾಡಿ ಗುಡಗೇರಿ ಮುಟ್ಟುವುದರೊಳಗೆ ಕತ್ತಲಾಗಿರುತ್ತಿತ್ತು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಗ ಮಾವನವರು ಮುಂದೆ ಬಂದರು. ಕಾಳಿನ ವ್ಯಾಪಾರ ಬಿಟ್ಟು ಮನೆಯಲ್ಲಿ ಕೂತಿದ್ದರು, ಆ ಕಾರು ಒಂದೇ ಅವರ ಚಟ. "ನಾ ಬಿಟ್ಟ ಬರ್ತೀನಿ, ನಾ ಕರಕೊಂಡ ಬರ್ತೀನಿ. ಇಲ್ಲಿ ಕೂತ ನೊಣಾ ಹೊಡ್ಯೂದಕ್ಕಿಂತ ಛಲೋ ಅಲ್ಲೇನು?" ಎಂದರು. ಅತ್ತೆ ಅವರನ್ನೊಮ್ಮೆ ನೋಡಿ ಮತ್ತೆ ರೊಟ್ಟಿ ಬಡಿಯತೊಡಗಿದರು.

ನನಗೆ ಆ ಶಾಲೆ ಬೇಕಾಗಿತ್ತು. ಮನೆಯಲ್ಲಿ ನಾನು ಸೊಸಿ; ಶಾಲೆಯಲ್ಲಿ ಅಕ್ಕಾರು. ಖಡು ಹಿಡಿದು ಹಲಗೆಯ ಮುಂದೆ ನಿಂತರೆ ನಾನು ನಾನಾಗಿರುತ್ತಿದ್ದೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಅತ್ತೆ ಒಪ್ಪಿದರೂ ಕಾರು ಒಪ್ಪಲಿಲ್ಲ. ಗದ್ದ ಹೋದ ಮೇಲೆ ರಸ್ತೆಯ ಹುರುಳಿ ಹೊಟ್ಟೆಲ್ಲ ಹಾರಿ ನೇರ ರೇಡಿಯೇಟರಿಗೆ ಬಂದು ಮೆತ್ತಿಕೊಳ್ಳತೊಡಗಿತು. ಗಾಳಿ ಸಿಗದೆ ನೀರು ಕುದಿಯುವುದು. ಬೆಳಗಿನ ತಂಪಿನಲ್ಲಿ ಹೇಗೋ ನಡೆಯಿತು. ಸಂಜೆ, ಇಡೀ ದಿನ ಬಿಸಿಲುಂಡ ರಸ್ತೆಯ ಮೇಲೆ, ಎರಡು ಮೈಲಿ ಬರುವುದರೊಳಗೆ ಬಾನೆಟ್ಟಿನಿಂದ ಹೊಗೆ ಎದ್ದಿತು. ಗದ್ದ ಹರಿದ ಮರುದಿನವೇ ಹಾಗಾಯಿತು. ಕಾರು ತಣ್ಣಗಾಗುವವರೆಗೆ ಕಾದು, ಹೊಲದ ಬಾವಿಯಿಂದ ನೀರು ತಂದು ಸುರಿದು, ಮನೆ ಮುಟ್ಟಿದಾಗ ಜಗಲಿಯ ದೀಪ ಉರಿಯುತ್ತಿತ್ತು. ಅತ್ತೆ ದೀಪವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಊಟಕ್ಕೆ ಬಡಿಸಿದರು. ಬೈದಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಕಾರು ಸರಿಯಾಗುವವರೆಗೆ ನಾನು ಶಾಲೆಗೆ ರಜೆ ಹಾಕಿದೆ; ಮಾವನವರು ಹುಬ್ಬಳ್ಳಿಗೆ ಹೋಗಿಬಂದರು. ಆ ಮಾದರಿಯ ಕಾರಿನ ಆ ತಗಡು ಈಗ ಬರುವುದಿಲ್ಲ ಎಂದು ಅಂಗಡಿಯವರು ಕೈ ಅಲ್ಲಾಡಿಸಿದರು. ಗುಜರಿಯಲ್ಲಿ ಒಂದು ಸಿಕ್ಕಿತು. ತಂದು ಹಿಡಿದು ನೋಡಿದರೆ ಬೇರೆ ಕಾರಿನದು, ಎರಡೂ ಬಾಜು ನಾಲ್ಕು ನಾಲ್ಕು ಬೆರಳು ಗಿಡ್ಡ. ಕಡೆಗೆ ಸಂತೆಪೇಟೆಯ ತಗಡಿನ ಕಾಕಾನನ್ನು ಕರೆಸಿದರು.

ತಗಡಿನ ಕಾಕಾ ಎಂದರೆ ಊರಿಗೆಲ್ಲ ಕೊಡ, ಟ್ರಂಕು, ಚಿಮಣಿ ದೀಪ, ಕಾಳು ಜರಡಿ ಹಿಡಿಯುವ ಸಾಣಿಗಿ ಮಾಡಿಕೊಡುತ್ತಿದ್ದ ಮುಸಲ್ಮಾನ ಮುದುಕ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ನಮಗಿಂತ ಅಚ್ಚ ಕನ್ನಡ. ಅವನ ಕೊಡ ಸೋರಿದ್ದನ್ನು ನೋಡಿದವರಿರಲಿಲ್ಲ. ಅವನು ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹಗ್ಗಕ್ಕೆ ಗಂಟು ಹಾಕಿ ಅಳತೆ ತೆಗೆದುಕೊಂಡ. ಹರಿದ ಎರಡು ತುಂಡುಗಳನ್ನು ನೆಲದ ಮೇಲೆ ಜೋಡಿಸಿಟ್ಟು, ಅದರಲ್ಲಿದ್ದ ಉದ್ದುದ್ದ ಸೀಳುಗಳ ಮೇಲೆ ಬೆರಳಾಡಿಸಿ, "ಭಾಳ ಹರದೈತ್ರಿ ಸಾವ್ಕಾರ್ರ" ಎಂದ. ಅವು ಹರಿದ ಸೀಳುಗಳಲ್ಲ, ಗಾಳಿಗೆಂದು ಬಿಟ್ಟ ಸೀಳುಗಳು ಎಂಬುದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ರವಿವಾರ ಇಡೀ ದಿನ ಕೆಲಸ ನಡೆಯಿತು. ಹಳೇ ಬೋಲ್ಟುಗಳಿಗೆ ಹಿಂದಿನ ದಿನವೇ ಸೀಮೆಎಣ್ಣೆ ಹಾಕಿ ನೆನೆಸಿದ್ದರೂ ಎರಡು ಬಿಚ್ಚಲಿಲ್ಲ, ಉಳಿಯಿಂದ ಕಡಿದು ತೆಗೆದ. ಎಣ್ಣೆ ಬ್ಯಾರಲ್ಲಿನ ತಗಡನ್ನು ಬಡಿದು ಸಪಾಟು ಮಾಡಿ, ಕತ್ತರಿಸಿ, ಒಂದು ಬೇವಿನ ಕೊರಡಿನ ಮೇಲಿಟ್ಟು ಸುತ್ತಿಗೆಯಿಂದ ಸಾವಕಾಶ ಬಾಗಿಸಿದ. ಅಂಚನ್ನು ಕೊಡದ ಬಾಯಿಯ ಹಾಗೆ ಮಡಚಿದ. ಕೂಡಿಸುವಾಗ ನಾನು ಒಂದು ತುದಿ, ಮಾವನವರು ಒಂದು ತುದಿ ಹಿಡಿದೆವು. ಮೊದಲು ನಡುವಿನ ಬೋಲ್ಟು, ಆಮೇಲೆ ಎಡ, ಬಲ, ಯಾವುದನ್ನೂ ಬಿಗಿ ಮಾಡದೆ. "ಮೊದಲ ಎಲ್ಲಾ ಸಡ್ಲ ಇರ್ಲಿ ಅಕ್ಕಾರ. ಒಂದನ್ನ ಬಿಗದ್ರ ಉಳದಾವು ಮುನಿಸ್ಕೊಂಡ ಕುಂದ್ರತಾವು" ಎಂದ. ಎಲ್ಲ ತೂತಿಗೂ ಬೋಲ್ಟು ಬಿದ್ದ ಮೇಲೆ ಒಂದೊಂದಾಗಿ ಬಿಗಿದ. ಮನೆಯ ಬಾಗಿಲಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣ ಬಳಿದದ್ದೂ ಆಯಿತು. ಬೂದು ಬಣ್ಣದ ಕಾರಿಗೆ ಹಸಿರು ಗದ್ದ. ಅತ್ತೆ ಹೊಸಿಲಿನಲ್ಲಿ ನಿಂತು ನೋಡಿ, "ಗಿಣಿ ಆಗೇತಿ" ಎಂದು ಒಳಗೆ ಹೋದರು.

ಸೋಮವಾರ ಸಂಜೆ ಆ ಗಿಣಿ ಮೊದಲಿಗಿಂತ ಬೇಗ ಕುದಿಯಿತು. ಕಾಕಾ ಒಂದೂ ಸೀಳು ಬಿಡದೆ, ಕೊಡ ಮುಚ್ಚಿದ ಹಾಗೆ ಮುಚ್ಚಿಬಿಟ್ಟಿದ್ದ. ಹೊಟ್ಟಂತೂ ಒಳಗೆ ಬರಲಿಲ್ಲ, ಗಾಳಿಯೂ ಬರಲಿಲ್ಲ. ಹಳೇ ಗದ್ದದ ಸೀಳುಗಳು ಯಾಕಿದ್ದವೆಂದು ಮಾವನವರಿಗೆ ಆಗ ಹೊಳೆಯಿತು. ಮನೆ ಮುಟ್ಟಿದಾಗ ಜಗಲಿಯ ದೀಪ ಉರಿಯುತ್ತಿತ್ತು. ಈ ಸಲ ಅತ್ತೆ ಬಾಯಿ ಬಿಟ್ಟರು.

"ಇದು ಎರಡ ಸಲ ಆತು. ಇನ್ನೊಂದ ಸಲ ದೀಪಾ ಹಚ್ಚಿದ ಮ್ಯಾಲ ಬಂದ್ರ ಮರುದಿನದಿಂದ ಶಾಲಿ ಸಾಕು. ನಾ ಆಡಿದ ಮಾತ ತಿರುಗಿಸೂದಿಲ್ಲ."

ಅವರು ಆಡಿದ ಮಾತು ತಿರುಗಿಸಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಆ ರಾತ್ರಿ ನಾನು ಊಟ ಬಿಟ್ಟೆ. ಅತ್ತೆಯ ಮೇಲೆ, ಕಾಕಾನ ಮೇಲೆ, ವಿಜಾಪುರದಲ್ಲಿ ಆರಾಮ ಮಲಗಿದ್ದವರ ಮೇಲೆ, ಎಲ್ಲರ ಮೇಲೂ ಸಿಟ್ಟು.

ಮರುದಿನ ಮಾವನವರು ನನ್ನನ್ನು ಶಾಲೆಗೆ ಬಿಟ್ಟು ಕಾರನ್ನು ನೇರ ಸಂತೆಪೇಟೆಗೆ ಒಯ್ದರು. ಅಲ್ಲಿ ನಡೆದದ್ದನ್ನು ಸಂಜೆ ಅವರೇ ನಗುತ್ತ ಹೇಳಿದರು. ತೂತು ಹಾಕು ಎಂದಾಗ ಕಾಕಾ ಕೈ ಕಟ್ಟಿ ಕೂತುಬಿಟ್ಟನಂತೆ. ನನ್ನ ಕೈಯಿಂದ ತೂತಿನ ಮಾಲು ಹೊರಗೆ ಹೋಗಿಲ್ಲ, ಈ ವಯಸ್ಸಿನಲ್ಲಿ ಹೆಸರು ಕೆಡಿಸಿಕೊಳ್ಳಲೇನು ಎಂದನಂತೆ. ಮಾವನವರು ಅರ್ಧ ತಾಸು ತಿಳಿಸಿ ಹೇಳಿದ್ದಾರೆ: ಗಾಳಿ ಒಳಗೆ ಹೋಗಬೇಕು, ಹೊಟ್ಟು ಹೋಗಬಾರದು. ಕಾಕಾ ಒಮ್ಮೆಲೇ ಹಣೆ ಬಡಿದುಕೊಂಡು, "ಹಂಗಂದ್ರ ಸಾಣಿಗಿ ಅನ್ರಿ! ಮೊದಲ ಹೇಳಬೇಕಿಲ್ಲೋ ಸಾವ್ಕಾರ್ರ, ಸಾಣಿಗಿ ನನ್ನ ಕಸಬಲ್ಲೇನ್ರಿ?" ಎಂದನಂತೆ. ಗದ್ದ ಬಿಚ್ಚಿ, ಮೊಳೆ ಹಿಡಿದು, ಸಾಲು ಸಾಲಾಗಿ ತೂತು ಹೊಡೆದಿದ್ದ. ಕಡಲೆ ಸಾಣಿಸಬಹುದಿತ್ತು, ಅಷ್ಟು ಚಂದ. ಕೂಡಿಸುವಾಗ, ಅಡಿಯಿಂದಲೂ ಹೊಟ್ಟು ನುಗ್ಗದಿರಲಿ ಎಂದು ಎರಡು ಬೆರಳು ಕೆಳಗೆ ಇಳಿಸಿಯೂ ಇದ್ದ.

ಸಂಜೆ ಶಾಲೆ ಬಿಟ್ಟು ಹೊರಟೆವು. ಇಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವೆ ನಿಂತದ್ದು ಅಲ್ಲಾಡಲಿಲ್ಲ. ಎರಡು ಮೈಲಿ ದಾಟಿತು, ಮೂರು ದಾಟಿತು. ಪಡುವಣದಲ್ಲಿ ಹೊತ್ತು ಇನ್ನೂ ಒಂದು ಮಾರು ಮೇಲಿತ್ತು. "ಹೆಂಗ ಯವ್ವಾ?" ಎಂದರು ಮಾವ. ನಾನು ಎಷ್ಟೋ ದಿನದ ಮೇಲೆ ನಕ್ಕೆ.

ಮುಂದಿನ ತಿರುವಿನಲ್ಲಿ ಹುರುಳಿ ಹಾಸಿದ್ದರು. ಅದೇ ಈಗ ತಂದು ಹಾಸಿದ್ದು, ಮೊಳಕಾಲುದ್ದ. ಎರಡು ಬೆರಳು ಕೆಳಗಿಳಿದ ಗದ್ದ ಅದನ್ನು ಗಾಲಿಗೆ ತುಳಿಯಲು ಬಿಡಲಿಲ್ಲ. ಮುಂದಕ್ಕೆ ದೂಡಿಕೊಂಡೇ ಹೋಯಿತು. ಇಪ್ಪತ್ತು ಮಾರು ಹೋಗುವುದರೊಳಗೆ ಕಾರಿನ ಮುಂದೆ ಒಂದು ಬಣವಿ ಎದ್ದಿತ್ತು. ಕಾರು ನಿಂತಿತು. ಹೊಲದವನು ತನ್ನ ಹೆಂಡತಿಯೊಂದಿಗೆ ಓಡಿಬಂದ.

"ತುಳೀಲಿ ಅಂತ ಹಾಸೇವ್ರಿ ಯಪ್ಪಾ, ಹೊತ್ಕೊಂಡ ಹೋಗ್ರಿ ಅಂತಲ್ಲ!"

ನಾಲ್ಕೂ ಜನ ಸೇರಿ ಬಳ್ಳಿ ಎಳೆದೆವು. ಗದ್ದದ ಮಡಚಿದ ಅಂಚಿಗೆ, ಗಾಲಿಗೆ, ಎಲ್ಲ ಕಡೆ ಸುತ್ತಿಕೊಂಡಿತ್ತು. ಎಳೆದು ಮುಗಿದರೂ ಅವನು ಬಿಡಲಿಲ್ಲ. ತೆಳ್ಳಗೆ ಹರವಿಕೊಡುತ್ತೇನೆ, ಕೆಡಿಸಿದ್ದಕ್ಕೆ ಹೋಗಿಬಂದು ನಾಲ್ಕು ಸಲ ತುಳಿಸಿಕೊಟ್ಟು ಹೋಗಿ ಎಂದ. ನ್ಯಾಯದ ಮಾತೇ. ಜೀವಮಾನವೆಲ್ಲ ಕಾಳು ಮಾರಿದ ಮಾವನವರಿಗೆ ಕಾಳಿನ ಮಾತಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವರು ಕಾರನ್ನು ಮುಂದೆ ಹಿಂದೆ ತಿರುಗಿಸುತ್ತಿದ್ದರೆ ನಾನು ರಸ್ತೆಯ ಬದಿಗೆ ನಿಂತು ಹೊತ್ತು ಇಳಿಯುವುದನ್ನು ನೋಡಿದೆ. ನನ್ನ ನೌಕರಿ ಹೋಗುತ್ತಿತ್ತು, ಇವರು ಹುರುಳಿ ಒಕ್ಕುತ್ತಿದ್ದರು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ಸೂರ್ಯ ಪೂರ್ತಿ ಮುಳುಗಿದ್ದ.

ಊರು ಹೊಕ್ಕಾಗ ಕತ್ತಲೆ. ಓಣಿಯ ಎಲ್ಲ ಮನೆಗಳಲ್ಲೂ ದೀಪ ಹತ್ತಿತ್ತು. ನಮ್ಮ ಮನೆ ಮಾತ್ರ ಕಗ್ಗತ್ತಲೆ, ಬಲ್ಬು ಕೂಡ ಇಲ್ಲ. ಅತ್ತೆಗೆ ಏನಾದರೂ ಆಯಿತೇ ಎಂದು ಕಾರು ನಿಲ್ಲುವ ಮೊದಲೇ ಇಳಿದೆ. ಎದುರು ಮನೆಯ ಮುದುಕಿ ತನ್ನ ಕಟ್ಟೆಯ ಮೇಲಿಂದಲೇ ಕೂಗಿದಳು:

"ಏ ತಂಗೀ, ನಿಮ್ಮತ್ತಿಗೆ ಏನಾಗೇತಿ ನೋಡು! ಆಗಿಂದ ಕತ್ತಲದಾಗ ಕುಂತಾಳ. ದೀಪಾ ಯಾಕ ಹಚ್ಚಿಲ್ಲಾ ಅಂದ್ರ ಎಣ್ಣಿ ತೀರೇತಿ ಅಂತಾಳ. ನಾ ಕೊಡ್ತೀನಿ ಅಂದ್ರೂ ಒಲ್ಲೆ ಅಂತಾಳ."

ಒಳಗೆ ಓಡಿದೆ. ಅತ್ತೆ ಜಗಲಿಯ ಮುಂದೆ ಕೂತಿದ್ದರು. ಕತ್ತಲಲ್ಲಿ ಹಣೆಯ ವಿಭೂತಿ ಮಾತ್ರ ಕಾಣುತ್ತಿತ್ತು.

"ಕೈಕಾಲ ತೊಳಕೊಂಡ ಬಾ. ದೀಪಾ ಹಚ್ಚೂ ಹೊತ್ತಾತು" ಎಂದರು.

ಹಿಂದೆ ಬಂದ ಮಾವನವರು ಹುರುಳಿಯ ಕಥೆ ತೆಗೆಯಹೋದರು. "ನಾ ಏನೂ ಕೇಳಿಲ್ಲ" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ನಾನು ಕೈಕಾಲು ತೊಳೆದು ಬಂದು ನಿಂತ ಮೇಲೆಯೇ ಕಡ್ಡಿ ಗೀರಿದರು. ದೀಪದಲ್ಲಿ ಎಣ್ಣೆ ತುಂಬಿ ತುಳುಕುತ್ತಿತ್ತು, ಹೊಸ ಬತ್ತಿ ಯಾವಾಗಲೋ ನೆನೆದು ಕೂತಿತ್ತು. ಆ ಬೆಳಕಿನಲ್ಲಿ ಅವರ ಮುಖ ನೋಡಿದೆ. ಎಂದಿನ ಗಡುಸು ಮುಖವೇ. ಕೈ ಮುಗಿದು, ಕಣ್ಣು ಮುಚ್ಚಿ, ತಪ್ಪಾಯಿತೆಂದು ಗಲ್ಲ ಬಡಿದುಕೊಂಡು, ಬಹಳ ಹೊತ್ತು ಹಾಗೇ ನಿಂತರು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನಾಳಿಗೆ ಶಾಲಿಗೆ ಬುತ್ತಿ ಏನ ಕಟ್ಲಿ?"