ಬ್ಯಾಟರಿ ಶರಣಪ್ಪನವರು ಕೇಳಿದ್ದು

ತೂತಿಲ್ಲದ ಅಂಗಿಯಲ್ಲಿ ಶರಣಪ್ಪನವರನ್ನು ನಾನು ಒಮ್ಮೆಯೂ ನೋಡಲಿಲ್ಲ. ಆ್ಯಸಿಡ್ ಸಿಡಿದು ಎದೆಯ ಮೇಲೆ, ತೋಳಿನ ಮೇಲೆ ರಾಗಿಕಾಳಿನಷ್ಟು ಸಣ್ಣ ಸಣ್ಣ ತೂತುಗಳು. ಹಬ್ಬಕ್ಕೆ ಹೊಸ ಅಂಗಿ ಹೊಲಿಸಿದರೂ ವಾರದೊಳಗೆ ಅದೇ ಗತಿ. "ನಮ್ಮಾಕಿ ಹೊಲದು ಹೊಲದು ಸಾಕಾಗ್ಯಾಳ್ರಿ. ಇನ್ನ ಮ್ಯಾಲ ಸಾಣಿಗೀನ ಹಾಕ್ಕೊಂಡು ಹೋಗ್ರಿ ಅಂತಾಳ" ಎಂದು ತಾವೇ ನಗುತ್ತಿದ್ದರು.

ನಾಚಾರಂನ ಕಾರ್ಖಾನೆಗಳ ಸಾಲಿನಲ್ಲಿ ಅವರದೊಂದು ಇಕ್ಕಟ್ಟಾದ ಬ್ಯಾಟರಿ ಅಂಗಡಿ. ಅವರ ತಂದೆಯ ಕಾಲದಲ್ಲೇ ಹುಮನಾಬಾದ್ ಕಡೆಯಿಂದ ಹೈದರಾಬಾದಿಗೆ ಬಂದು ನೆಲೆಸಿದ ಮನೆತನ. ಹಗಲೆಲ್ಲ ಒಬ್ಬರಿಗೆ ಹಿಂದಿ, ಇನ್ನೊಬ್ಬರಿಗೆ ತೆಲುಗು. ಮೊದಲ ದಿನ ನನ್ನ ಮೈಸೂರು ಕನ್ನಡ ಕಿವಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಅಯ್ ನಮ್ಮವರ ಬಂದ್ರಲ್ಲ!" ಎಂದು ಕೈ ಹಿಡಿದು ಕೂರಿಸಿದ್ದರು. ಆಮೇಲೆ ಕೆಲಸವಿಲ್ಲದಿದ್ದರೂ ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋಗದಿದ್ದರೆ ನನಗೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

'ಬ್ಯಾಟರಿ ಸತ್ತಿದೆ' ಎಂದು ಯಾರಾದರೂ ಅಂದರೆ ಅವರಿಗೆ ಮೈಯೆಲ್ಲ ಉರಿ. "ವಯಸ್ಸಾಗದ ಹಿಂಗ ನಡುವ ಸಾಯಂಗಿಲ್ಲರಿ ಅದು. ಯಾರೋ ಸಾಯಸ್ಯಾರ. ಯಾರು ಅಂತ ಮೊದ್ಲ ಕೇಳ್ರಿ." ಒಮ್ಮೆ ಸಾಫ್ಟ್‌ವೇರ್ ಕಂಪನಿಯ ಯುವಕನೊಬ್ಬ ದೊಡ್ಡ ಗಾಡಿ ತಳ್ಳಿಸಿಕೊಂಡು ಬಂದು, ಹೊಸ ಬ್ಯಾಟರಿ ಹಾಕಿಬಿಡಿ, ಟೈಮಿಲ್ಲ ಎಂದು ಗಡಿಬಿಡಿ ಮಾಡಿದ. ಇವರು ಬಾನೆಟ್ ಎತ್ತಿ, ವೈರಿನ ತುದಿಗೆ ಕಟ್ಟಿಕೊಂಡಿದ್ದ ಬಿಳಿ ಪುಡಿಯನ್ನು ಬಿಸಿನೀರು ಹುಯ್ದು ತೊಳೆದು, ನಟ್ಟು ಬಿಗಿ ಮಾಡಿದರು. ಗಾಡಿ ಗುರ್ರೆಂದಿತು. ಆದರೂ ಹೊಸದೇ ಬೇಕೆಂದು ಅವನ ಹಟ. ಶರಣಪ್ಪನವರು ಬಾನೆಟ್ ಧಡಾರನೆ ಮುಚ್ಚಿ ನನ್ನ ಕಡೆ ತಿರುಗಿದರು. "ಮುಲಾಮು ಹಚ್ಚೋ ಗಾಯಕ್ಕ ಕೈಯ ಕಡೀರಿ ಅಂತಾನ್ರಿ ಇಂವ!"

ಇಂಥ ಮನುಷ್ಯನ ಮುಂದೆ ನಾನು ನನ್ನ ಜೀಪು ತಂದು ನಿಲ್ಲಿಸಿದೆ.

ಮಣಿಕೊಂಡದ ಸುತ್ತ ಬಂಡೆ ಒಡೆದು ಸಾಫ್ಟ್‌ವೇರ್ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ನಾನು ಅಂಥದೊಂದು ಸೈಟಿನಲ್ಲಿ ಜೂನಿಯರ್ ಎಂಜಿನಿಯರ್. ಗಾಡಿಗಳ ಉಸ್ತುವಾರಿಯೂ ನನ್ನದೇ. ಕಲ್ಲು ಮಣ್ಣಿನ ದಿಬ್ಬ ಹತ್ತಲು ನಮಗೊಂದು ನಾಲ್ಕೂ ಚಕ್ರ ಎಳೆಯುವ ಜೀಪಿತ್ತು. ವರ್ಷ ತುಂಬುವುದರೊಳಗೆ ಅದರ ಮೂರನೆಯ ಬ್ಯಾಟರಿಯೂ ಕೈಕೊಟ್ಟಿತು. ಡ್ರೈವರ್ ಮಲ್ಲೇಶ ಊಟದ ಹೊತ್ತಿನಲ್ಲಿ ಜೀಪಿನೊಳಗೆ ಟೇಪ್ ಹಾಕಿಕೊಂಡು ಹಾಡು ಕೇಳುತ್ತಿದ್ದ. ನನಗೆ ಅಷ್ಟೇ ಸಾಕಾಯಿತು. ಡ್ರೈವರನ ಬೇಜವಾಬ್ದಾರಿಯಿಂದ ಬ್ಯಾಟರಿಗಳು ಹಾಳಾಗಿವೆ ಎಂದು ಮ್ಯಾನೇಜರಿಗೆ ಬರೆದುಕೊಟ್ಟೆ. "ನೇನು ಕಾದು ಸಾರ್, ನೇನು ಕಾದು" ಎಂದು ಮಲ್ಲೇಶ ಕೈಮುಗಿದು ನಿಂತೇ ಇದ್ದ. ತಾನಲ್ಲ ಎಂಬ ಆ ಎರಡು ಮಾತು ಬಿಟ್ಟರೆ ಅವನಿಗೆ ಬೇರೇನೂ ಹೊಳೆಯಲಿಲ್ಲ. ಅಂದೇ ಅವನನ್ನು ಕೆಲಸದಿಂದ ತೆಗೆದರು.

ಶರಣಪ್ಪನವರು ಇಂಜಿನ್ ಚಾಲೂ ಮಾಡಿಸಿ ಚಾರ್ಜ್ ಬರುತ್ತಿದೆಯೇ ನೋಡಿದರು. ಬರುತ್ತಿತ್ತು. ಚಾವಿ ತೆಗೆದು ಎಲ್ಲಾದರೂ ಕರೆಂಟ್ ಸೋರುತ್ತಿದೆಯೇ ನೋಡಿದರು. ಇಲ್ಲ. ಆಮೇಲೆ ಬ್ಯಾಟರಿಯನ್ನು ಬಿಚ್ಚಿ, ಪೂರ್ತಿ ಚಾರ್ಜ್ ಮಾಡಿ, ಒಂದೂ ವೈರಿಲ್ಲದೆ ಹಲಗೆಯ ಮೇಲೆ ಇಟ್ಟು, ನಾಲ್ಕು ದಿನ ಬಿಟ್ಟು ಬರಲು ಹೇಳಿದರು. ಐದನೆಯ ದಿನ ನನ್ನೆದುರೇ ಗಾಜಿನ ನಳಿಗೆಯಲ್ಲಿ ಬ್ಯಾಟರಿಯ ಒಂದೊಂದು ಸೆಲ್ಲಿನ ಆ್ಯಸಿಡ್ಡನ್ನೂ ಎಳೆದು ಅಳತೆ ನೋಡಿದರು. ಎಲ್ಲದರಲ್ಲೂ ಚಾರ್ಜ್ ಇಳಿದುಹೋಗಿತ್ತು.

"ನೋಡ್ರಿ ಸಾಹೇಬ್ರ, ಇಲ್ಲಿ ಟೇಪೂ ಇಲ್ಲ, ಲೈಟೂ ಇಲ್ಲ, ನಿಮ್ಮ ಡ್ರೈವರೂ ಇಲ್ಲ. ಸುಮ್ನ ಕುಂತಲ್ಲೇ ಖಾಲಿ ಆಗೇತಿ. ನೀರು ಯಾವ್ದು ಹಾಕ್ತೀರಿ?"

"ಬೋರ್ ನೀರು ಹತ್ತಿರಕ್ಕೂ ಬಿಡಲ್ಲ ಶರಣಪ್ಪನವರೇ" ಎಂದೆ ಜಂಬದಿಂದ. "ಆಫೀಸಿನ ಮಿನರಲ್ ವಾಟರ್ ಕ್ಯಾನ್‌ದೇ. ನಾನೇ ನಿಂತು ವಾರವಾರ ಹಾಕಿಸ್ತೀನಿ." ಬ್ಯಾಟರಿಗೆಂದು ತರುವ ಡಿಸ್ಟಿಲ್ಡ್ ವಾಟರ್ ಒಮ್ಮೆ ಮುಗಿದಾಗ ನನಗೆ ಹೊಳೆದ ಉಪಾಯ ಅದು. ದೊಡ್ಡ ಸಾಹೇಬರೇ ಕುಡಿಯುವ ನೀರು, ಅದಕ್ಕಿಂತ ಶುದ್ಧ ಇನ್ನಾವುದಿದ್ದೀತು?

ಅವರು ನನ್ನ ಬ್ಯಾಗಿನ ಬಾಟಲಿ ತೆಗೆದುಕೊಂಡರು. ಅದೇ ಕ್ಯಾನಿನ ನೀರು. ಒಂದು ಸ್ಟೀಲ್ ಮುಚ್ಚಳದಲ್ಲಿ ಅದನ್ನು, ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರನ್ನು ಹಾಕಿ ಸ್ಟೋವಿನ ಮೇಲೆ ನೀರೆಲ್ಲ ಇಂಗುವ ತನಕ ಕಾಯಿಸಿದರು. ಅವರ ಮುಚ್ಚಳ ಥಳಥಳ ಅನ್ನುತ್ತಿತ್ತು. ನನ್ನದರಲ್ಲಿ ಬಿಳಿ ಬಿಳಿ ಹಕ್ಕಳೆ. ಉಗುರಿನಿಂದ ಕೆರೆದು ತೋರಿಸಿದರು. "ಮನಷ್ಯಾರಿಗೆ ಭಾಳ ಛಲೋ ನೀರ್ರಿ ಇದು. ಬ್ಯಾಟರಿಗೆ ವಿಷ. ವಾರಾ ವಾರಾ ಕುಡಿಸೀರಿ." ಸ್ಟೋವ್ ಆರಿಸಿ ಕೇಳಿದರು, "ಆ ಡ್ರೈವರ್‌ನ ಏನ್ ಮಾಡೀರಿ?"

ಹೇಳಿದೆ. ಅವರ ಮುಖ ಸಣ್ಣದಾಯಿತು. "ಹೋಗ್ರಿ, ನಾಳಿ ಮುಂಜಾನೆ ನಿಮ್ಮ ಸಾಹೇಬ್ರಿಗೆ ಖರೇ ಹೇಳ್ರಿ. ಪಾಪ, ಅವನ ಹೊಟ್ಟಿ ಮ್ಯಾಲ ಹೊಡದೀರಿ."

ಮರುದಿನ ಮ್ಯಾನೇಜರ್ ಕ್ಯಾಬಿನ್ನಿಗೆ ಹೋದದ್ದು ನಿಜ. ಆ ತಿಂಗಳೇ ನನ್ನ ನೌಕರಿ ಕಾಯಂ ಆಗಬೇಕಿತ್ತು. ಬಾಯಿ ತೆರೆದರೆ ಬಂದದ್ದೇ ಬೇರೆ: "ಆ ಬ್ಯಾಟರಿಗಳ ಮಾಲೇ ಸರಿಯಿರಲಿಲ್ಲ ಸಾರ್." ಅವರು ತಲೆಯಾಡಿಸಿದರು. ಮಲ್ಲೇಶನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು! ಡಿಸ್ಟಿಲ್ಡ್ ವಾಟರ್ ತರಿಸಿ ಸದ್ದಿಲ್ಲದೆ ಹಾಕಿಸತೊಡಗಿದೆ. ಹೊಸ ಬ್ಯಾಟರಿ ಒಂದು ದಿನವೂ ತಕರಾರು ಮಾಡಲಿಲ್ಲ. ಜೀಪು ಒಂದೇ ಏಟಿಗೆ ಶುರುವಾದಾಗಲೆಲ್ಲ ನನಗೆ ಕಪಾಳಕ್ಕೆ ಬಿಗಿದಂತಾಗುತ್ತಿತ್ತು.

ಮುಂದಿನ ಸಲ ಹೋದಾಗ ಶರಣಪ್ಪನವರ ಮೊದಲ ಮಾತೇ, "ಹೇಳಿದ್ರೇನ್ರಿ?"

"ಹೇಳ್ದೆ. ಮಲ್ಲೇಶ ವಾಪಸ್ ಬಂದ" ಎಂದುಬಿಟ್ಟೆ.

ಅವರಿಗಾದ ಸಂತೋಷ ನೋಡಬೇಕಿತ್ತು. ಚಹಾ ತರಿಸಿದರು, ಉಸ್ಮಾನಿಯಾ ಬಿಸ್ಕತ್ತು ತರಿಸಿದರು. ಪಕ್ಕದ ಟೈರ್ ಅಂಗಡಿಯ ರಹೀಮ್ ಭಾಯಿಯನ್ನು ಕರೆದು, ತನ್ನ ತಪ್ಪು ತಾನೇ ಒಪ್ಪಿಕೊಂಡ ಎಂಜಿನಿಯರ್ ಎಂದು ನನ್ನ ಬೆನ್ನು ತಟ್ಟಿದರು. ಆ ಚಹಾವನ್ನೂ ನಾನು ಕುಡಿದೆ.

ಮುಖ ತೋರಿಸಲಾಗದೆ ಆ ಕಡೆ ಸುಳಿಯದಿದ್ದವನು ಮಳೆಗಾಲ ಮುಗಿದ ಮೇಲೆ ಮತ್ತೆ ಹೋದೆ. ಶರಣಪ್ಪನವರು ತಲೆ ಎತ್ತಿ ನೋಡಿ, "ಬೋಲಿಯೇ ಸಾಬ್, ಕ್ಯಾ ಹೋನಾ?" ಎಂದು ಏನು ಬೇಕೆಂದು ವಿಚಾರಿಸಿದರು. ನನ್ನ ಜೊತೆ ಅವರು ಹಿಂದಿ ಆಡಿದ್ದು ಅದೇ ಮೊದಲು. ನಾನು ಕನ್ನಡದಲ್ಲಿ ಏನೇನೋ ಕೇಳಿದೆ. ಅವರು ಗಿರಾಕಿಗೆ ಹೇಳುವಂತೆ ಹಿಂದಿಯಲ್ಲೇ ಚುಟುಕಾಗಿ ಉತ್ತರಿಸಿ ಕೆಲಸಕ್ಕೆ ತಿರುಗಿದರು. ಹೊರಗೆ ಬಂದಾಗ ರಹೀಮ್ ಭಾಯಿ ವಿಷಯ ಹೇಳಿದ. ಹಿಂದಿನ ವಾರ ನೀರಿನ ಟ್ಯಾಂಕರೊಂದು ಬ್ಯಾಟರಿ ತೋರಿಸಲು ಬಂದಿತ್ತಂತೆ. ಅದರ ಕ್ಲೀನರ್ ಮಲ್ಲೇಶ; ಮಾತಿಗೆ ಮಾತು ಬಂದು ತನ್ನ ಕಥೆ ಹೇಳಿಕೊಂಡನಂತೆ. ಬ್ಯಾಟರಿ ಕೆಡಿಸುವವನೆಂಬ ಹೆಸರು ಅಂಟಿದ ಮೇಲೆ ಅವನ ಕೈಗೆ ಯಾರೂ ಸ್ಟೇರಿಂಗ್ ಕೊಟ್ಟಿರಲಿಲ್ಲ.

ಅಂದೇ ಸಂಜೆ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ. ಅವರು ನಕ್ಷೆಯಿಂದ ಕಣ್ಣು ತೆಗೆಯದೆ, "ಯಾವ ಮಲ್ಲೇಶ?" ಎಂದರು.

ಬೆಳಗಾಗುತ್ತಲೇ ನಾಚಾರಂಗೆ ಓಡಿದೆ. "ಹೇಳ್ದೆ ಶರಣಪ್ಪನವರೇ, ಈ ಸಲ ನಿಜವಾಗ್ಲೂ ಹೇಳ್ದೆ" ಎಂದೆ. ಅವರು ಕೈಯಲ್ಲಿದ್ದ ನಟ್ಟು ಬಿಗಿ ಮಾಡಿ ಮುಗಿಸಿ, ಕನ್ನಡದಲ್ಲಿ ಕೇಳಿದರು. "ಸಾಹೇಬ್ರಿಗೆ ಹೇಳೀರಿ. ಮಲ್ಲೇಶಗ?"

ನಾನು ಬಾಗಿಲ ಕಡೆ ತಿರುಗಿದೆ.

"ಅವಗ ಹೇಳಿ ಬರ್ರಿ. ಆಮ್ಯಾಲ ಚಾ ಕುಡಿಯೋಣು."

ನನ್ನ ಜೊತೆ ಅವರಾಡಿದ ಕೊನೆಯ ಮಾತು ಅದು. ಬೇಸಿಗೆಯಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಸುದ್ದಿ ನನಗೆ ತಿಳಿದಾಗ ಆ ಅಂಗಡಿಯಲ್ಲಿ ಯಾರೋ ಪ್ಲಾಸ್ಟಿಕ್ ಕೊಡ ಮಾರುತ್ತಿದ್ದರು.

ಮಲ್ಲೇಶನನ್ನು ಹುಡುಕಿದೆ ಎಂದು ಹೇಳಿದರೆ ಅದೂ ಸುಳ್ಳೇ. ಎರಡು ಕಡೆ ಟ್ಯಾಂಕರ್‌ನವರನ್ನು ವಿಚಾರಿಸಿ ಬಿಟ್ಟೆ. ಒಂದೇ ಒಂದು ಸಲ, ಮಿಯಾಪುರದ ಸಿಗ್ನಲ್ಲಿನಲ್ಲಿ, ನನ್ನ ಕಾರಿನ ಪಕ್ಕ ನೀರಿನ ಟ್ಯಾಂಕರೊಂದು ಬಂದು ನಿಂತಿತು. ಎಡಗಡೆಯ ಕ್ಲೀನರ್ ಸೀಟಿನಿಂದ ಮಲ್ಲೇಶ ನನ್ನನ್ನು ಗುರುತು ಹಿಡಿದು, ಹಳೆಯ ಅಭ್ಯಾಸದಂತೆ ನಮಸ್ಕಾರ ಮಾಡಿದ. ನಾನು ಗಾಜು ಏರಿಸಿದೆ.