ಚೌಡಿಯ ತಿರುವಿನಲ್ಲಿ ಕೈಯ ಎತ್ತರ

ನನ್ನ ಕೆಲಸವೇನು ಎಂದು ಕೇಳಿದವರಿಗೆ ಈಗೀಗ ಕಂಪ್ಯೂಟರ್ ಎಂದಷ್ಟೇ ಹೇಳುತ್ತೇನೆ. ಅಷ್ಟಕ್ಕೇ ಸುಮ್ಮನಾಗುತ್ತಾರೆ, ಪುಣ್ಯ. ನಿಜಕ್ಕೂ ನಾನು ತೀರ್ಥಹಳ್ಳಿಯ ಒಂದು ಮಹಡಿ ಕೋಣೆಯಲ್ಲಿ ಕೂತು ಜಪಾನಿನ ಬೇಸ್‌ಬಾಲ್ ಪಂದ್ಯಗಳ ಅಂಕಿಗಳನ್ನು ತಪಾಸಣೆ ಮಾಡುತ್ತೇನೆ. ಆಟ ಕಾಣುವುದಿಲ್ಲ. ಆಟಗಾರರ ಹೆಸರೂ ಇರುವುದಿಲ್ಲ, ನಂಬರು ಮಾತ್ರ. ಒಂದು ಎಸೆತಕ್ಕೆ ಒಂದು ಸಾಲು: ಚೆಂಡಿನ ವೇಗ, ಚೆಂಡು ಬಿಡುವಾಗ ಕೈ ಇದ್ದ ಎತ್ತರ, ಅದು ಹಾದುಹೋದ ಜಾಗ. ಮೈದಾನದ ಯಂತ್ರ ತಪ್ಪಿ ಬರೆದ ಸಾಲನ್ನು ನಾನು ತಿದ್ದಬೇಕು.

ಒಬ್ಬ ಎಸೆತಗಾರನ ಕೈ ಪಂದ್ಯದಿಂದ ಪಂದ್ಯಕ್ಕೆ ಒಂದೊಂದು ಬೆರಳಿನಷ್ಟು ಕೆಳಗಿಳಿಯುತ್ತಿತ್ತು. ಯಂತ್ರಕ್ಕೆ ಏನೋ ಆಗಿದೆ ಎಂದುಕೊಂಡು, ಮಹಾ ಜಾಣೆಯ ಹಾಗೆ, ಹಳೆಯ ಎತ್ತರವನ್ನೇ ತುಂಬುತ್ತಾ ಹೋದೆ. ಆಮೇಲೆ ಅವನ ಸಾಲುಗಳು ಬರುವುದೇ ನಿಂತಿತು. ಅವನು ಭುಜ ಹೋಗಿ ಆಸ್ಪತ್ರೆ ಸೇರಿದ್ದಾನೆ, ಯಂತ್ರ ಬರೆದದ್ದೇ ಸರಿಯಿತ್ತು ಎಂದು ಮೇಲಿನವರು ತಿಳಿಸಿದರು. ಮುಖವನ್ನೇ ಕಾಣದ ಮನುಷ್ಯ. ಅವನ ಕೈಯನ್ನು ನಾನೇ ಹಿಡಿದೆತ್ತಿ, ಏನೂ ಆಗಿಲ್ಲ ಎಂದು ತೋರಿಸಿದಂತಾಗಿತ್ತು. ಎರಡು ದಿನ ನನಗೆ ಊಟ ಸೇರಲಿಲ್ಲ.

ಅಪ್ಪ ಖಾಸಗಿ ಬಸ್ಸಿನ ಡ್ರೈವರ್. ಸಾಗರದಿಂದ ಬೆಳಿಗ್ಗೆ ಹೊರಟು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬರುವ ಬಸ್ಸು. ನಮ್ಮ ಮನೆ ಹೊಸನಗರದಲ್ಲಿ. ಅಲ್ಲೇ ಹತ್ತಿ ನಾನು ಅವನ ಹತ್ತಿರದ ಸೀಟಿನಲ್ಲಿ ಕೂರುತ್ತಿದ್ದೆ. ದಾರಿಯಲ್ಲಿ ಕಾಡಿನ ನಡುವೆ ಒಂದು ತಿರುವಿದೆ, ಮರದ ಬುಡದಲ್ಲಿ ದಾರಿ ಕಾಯುವ ದೇವತೆ ಚೌಡಿಯ ಕುಂಕುಮ ಬಳಿದ ಕಲ್ಲು. ಅವಳಿಗೆ ನಮಸ್ಕಾರ ಮಾಡದೆ ಯಾವ ಡ್ರೈವರೂ ಮುಂದೆ ಹೋಗುವುದಿಲ್ಲ. ಅಪ್ಪ ಸ್ಟೇರಿಂಗಿನಿಂದ ಬಲಗೈ ತೆಗೆದು ಹಣೆಗೆ ಮುಟ್ಟಿಸುತ್ತಿದ್ದ.

ನವರಾತ್ರಿ ಮುಗಿದ ವಾರ ಆ ಕೈ ಹುಬ್ಬಿಗೆ ನಿಂತಿತು. ನಾಲ್ಕು ದಿನ ಬಿಟ್ಟು ಮೂಗಿಗೆ. ಆಮೇಲೆ ಗಲ್ಲಕ್ಕೆ. ಆ ಎಸೆತಗಾರನ ಸಾಲುಗಳು ನೆನಪಾದವು. ಕಂಡಕ್ಟರ್ ಟಿಕೆಟ್ ಹರಿಯುತ್ತಿದ್ದ, ಹಿಂದಿನ ಸೀಟಿನ ಹೆಂಗಸರು ಮೀನಿನ ರೇಟು ಮಾತಾಡುತ್ತಿದ್ದರು. ಅಪ್ಪನ ಕೈಯನ್ನು ಯಾರೋ ಕೆಳಗಿನಿಂದ ದಿನಾ ಒಂಚೂರು ಎಳೆಯುತ್ತಿದ್ದಾರೆ ಎಂದು ನನಗೊಬ್ಬಳಿಗೇ ಅನಿಸುತ್ತಿತ್ತು.

ಇಳಿಯುವಾಗ ಕೇಳಿದೆ. “ಅಪ್ಪ, ಕೈಗೆ ಎಂತಾಗಿದೆ?”

“ಎಂತ ಆಗ್ಲಿಲ್ಲ. ಚೌಡಿ ಮುಂದೂ ಲೆಕ್ಕ ಹಾಕ್ತೀಯನೆ ನೀನು?” ಅಂದ.

ವಯಸ್ಸಾಯಿತು, ಆಯಾಸ, ಅಷ್ಟೇ ಎಂದು ಇದನ್ನೂ ತಿದ್ದಿಕೊಳ್ಳಲು ನೋಡಿದೆ. ಮರುದಿನ ಆ ತಿರುವಿನಲ್ಲಿ ಕೈ ಏಳಲೇ ಇಲ್ಲ. ಎದುರಿನ ಕನ್ನಡಿಯಲ್ಲಿ ಅಪ್ಪ ನನ್ನನ್ನೇ ನೋಡುತ್ತಿದ್ದ. ನಾನು ನೋಡಿದ್ದು ಅವನಿಗೆ ಗೊತ್ತಾಗಿತ್ತು.

“ಬಸ್ ನಿಲ್ಸು ಅಪ್ಪ,” ಎಂದೆ. ಅವನು ಕೇಳದವನಂತೆ ಓಡಿಸಿದ. ಮುಂದೆ ಇಳಿಜಾರು, ಬಸ್ಸಿನ ತುಂಬ ಜನ. ಎರಡನೇ ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ನಿಲ್ಲಿಸಿದ. ಸ್ಟೇರಿಂಗ್ ಹಿಡಿದಿದ್ದ ಬಲಗೈ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಂಡ. ಹದಿನೈದು ದಿನದಿಂದ ಅವುಗಳಿಗೆ ಮುಟ್ಟಿದ್ದೇ ಗೊತ್ತಾಗುತ್ತಿರಲಿಲ್ಲವಂತೆ. ಕೆಲಸ ಹೋಗುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ.

ಶಿವಮೊಗ್ಗದ ಡಾಕ್ಟರು ಕುತ್ತಿಗೆಯ ನರ ಎಂದರು, ಇನ್ನು ಬಸ್ಸು ಓಡಿಸುವುದು ಬೇಡ ಎಂದರು. ಜನರೆದುರು ಮಗಳೇ ಇಳಿಸಿದಳು ಎಂದು ಅಪ್ಪನಿಗೆ ಸಿಟ್ಟು. ನಾನು ಒಳಗೆ ಬಂದರೆ ಕೈಯನ್ನು ಟವೆಲಿನಡಿ ಮುಚ್ಚಿಕೊಳ್ಳುತ್ತಾನೆ. ಅದನ್ನು ಕಂಡಾಗ ನನಗೆ ಅಳು ಬರುತ್ತದೆ.

ಬಸ್ಸಿಗೆ ಈಗ ಬೇರೆ ಡ್ರೈವರ್. ಚೌಡಿಯ ತಿರುವು ಬಂದಾಗ ಅಪ್ಪನ ಬದಲಿಗೆ ನಾನು ಕೈ ಎತ್ತುತ್ತೇನೆ, ಅವನಿಗೂ ಹೇಳಿದ್ದೇನೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳುತ್ತಾನೆ. ದಿನಕ್ಕೆ ಅದೊಂದೇ ಮಾತು.

“ಇವತ್ತು ನಿನ್ ಕೈ ಎಲ್ಲಿವರೆಗೆ ಹೋಯ್ತೆ?”

“ಹಣೆಗೆ, ಅಪ್ಪ,” ಎನ್ನುತ್ತೇನೆ.

ನಿನ್ನೆಯೂ ಹಾಗೇ ಹೇಳಿದೆ. ನಿನ್ನೆ ಅದು ಹುಬ್ಬಿಗೇ ನಿಂತಿತ್ತು.